ಹೊಳೆ ದಾಟದ ಮಾತು

ತೊಂಬತ್ತರ ದಶಕದಲ್ಲಿ ಕಡೂರಿನ ಬಯಲಿನಿಂದ ಸಂಸೆಯ ಹತ್ತಿರದ ಮನೆಗೆ ಸೊಸೆಯಾಗಿ ಬಂದ ನನಗೆ, ಇಲ್ಲಿನವರ ಕೂಗು ಕೇಳಿದರೆ ಮೈಯೆಲ್ಲ ಉರಿಯುತ್ತಿತ್ತು. ನಮ್ಮೂರಲ್ಲಿ ಮನೆಗೆ ಮನೆ ಅಂಟಿಕೊಂಡಿರುತ್ತದೆ. ಪಿಸುಗುಟ್ಟಿದರೂ ಪಕ್ಕದ ಮನೆಗೆ ಕೇಳುತ್ತದೆ. ಹೆಣ್ಣುಮಕ್ಕಳು ದನಿ ಎತ್ತಿದರೆ ಅಪ್ಪನ ಕಣ್ಣು ಕೆಂಪಾಗುತ್ತಿತ್ತು. ಇಲ್ಲಿ ಗುಡ್ಡಕ್ಕೊಂದು ಮನೆ. ಹೊಳೆಯಾಚೆ ಎದುರು ಗುಡ್ಡದ ತೋಟದಲ್ಲಿರುವವರನ್ನು ಊಟಕ್ಕೆ ಕರೆಯಬೇಕೆಂದರೆ ಅಂಗಳದ ಅಂಚಿನಲ್ಲಿ ನಿಂತು ಉದ್ದಕ್ಕೆ ಒಂದು 'ಕೂ' ಹಾಕಬೇಕು. ಕಷ್ಟವಿದ್ದರೆ ತುಂಡು ತುಂಡು ಕೂ, ಮತ್ತೆ ಮತ್ತೆ. ಹೆಸರಿಲ್ಲ, ಮಾತಿಲ್ಲ. ಇದೇನು ನರಿಗಳ ಸಂಸಾರವೇ ಎಂದುಕೊಂಡು ನಾನು ಬಾಯಿ ಬಿಗಿಹಿಡಿದೆ.

"ಊರಿಗೆ ಬಂದವಳು ನೀರಿಗೆ ಬರದೆ ಇರ್ತಾಳಾ?" ಎಂದು ನಕ್ಕು ಅತ್ತೆಯೇ ಕೂ ಹಾಕುತ್ತಿದ್ದರು.

ಅದು ಕಾಫಿ ಕೊಯ್ಲಿನ ಕಾಲ. ಕಣದಲ್ಲಿ ಒಣಗಲು ಹರವಿದ್ದ ಹಣ್ಣಿನ ಮೇಲೆ ಕಾಲಾಡಿಸುತ್ತಿದ್ದ ಅತ್ತೆ ಜಾರಿ ಬಿದ್ದರು. ಸೊಂಟ ಅಲುಗಿಸಲಾಗಲಿಲ್ಲ, ಮುಖ ಬಿಳಿಚಿಕೊಂಡಿತು. ಮನೆಯಲ್ಲಿ ನಾವಿಬ್ಬರೇ. ನಾನು ಅಂಚಿಗೆ ಓಡಿ, "ಅತ್ತೆ ಬಿದ್ಬಿಟ್ರು, ಬೇಗ ಬನ್ನೀ!" ಎಂದು ಅರಚಿದೆ. ಎದುರಿನಿಂದ ಗಂಡನ ಸಾವಕಾಶದ ಒಂದು ಕೂ ಬಂತು, ಊಟಕ್ಕೆ ಬರುತ್ತೇವೆ ಎಂದು. ಮತ್ತೆ ಅರಚಿದೆ. ಮತ್ತದೇ ಕೂ. ನನಗೆ ಅಳುವೇ ಬಂತು.

"ಮಾತು ಹೊಳೆ ದಾಟಲ್ಲ ಮಾರಾಯ್ತಿ, ಕೂ ಹಾಕು," ಎಂದರು ಅತ್ತೆ, ಹಲ್ಲು ಕಚ್ಚಿಕೊಂಡು.

ಹಾಕಿದೆ. ಮೊದಲನೆಯದು ಗಂಟಲಲ್ಲೇ ಉಳಿಯಿತು. ಆಮೇಲಿನ ತುಂಡು ಕೂಗಳು ಎಲ್ಲಿಂದ ಬಂದವೋ, ನನಗೇ ಹೆದರಿಕೆಯಾಯಿತು.

ಎದುರು ಗುಡ್ಡದಿಂದ ತುಂಡು ಕೂ ಮರಳಿತು. ನಂತರ ಸುತ್ತಲಿನ ಗುಡ್ಡಗಳಿಂದಲೂ ಉತ್ತರ ಬಂತು. ಗಂಡ ಓಡಿ ಬಂದರು. ಅವರ ಹಿಂದೆಯೇ ನಾನು ಒಂದು ದಿನವೂ ಮಾತಾಡಿಸಿರದ ಮೇಲಿನ ಮನೆಯವರು, ಘಟ್ಟದ ಕೆಳಗಿನಿಂದ ಕೊಯ್ಲಿಗೆ ಬಂದಿದ್ದ ಹೆಂಗಸರು. ಅವರ ತುಳು ನನಗೆ ಬಾರದು, ನನ್ನ ಕನ್ನಡ ಅವರಿಗೆ ಅರ್ಧಂಬರ್ಧ. ಇಲ್ಲಿ ಗುಡ್ಡ ಇಳಿದರೆ ಭಾಷೆಯೇ ಬೇರೆ. ಕೂ ಮಾತ್ರ ಎಲ್ಲರಿಗೂ ತಿಳಿಯುತ್ತದೆ. ಕುರ್ಚಿಗೆ ಬಿದಿರು ಕಟ್ಟಿ ಅತ್ತೆಯನ್ನು ಜೀಪಿನವರೆಗೆ ಹೊತ್ತರು. ಆ ಜನರ ಮೇಲೆ ಅಂದು ಹುಟ್ಟಿದ ಪ್ರೀತಿ ಇವತ್ತಿಗೂ ಕಡಿಮೆಯಾಗಿಲ್ಲ.

ಜೀಪಿನ ಹತ್ತಿರ ಮೇಲಿನ ಮನೆಯ ಹಿರಿಯರು ಅತ್ತೆಯನ್ನು ಕೇಳಿದರು, "ಯಾರದ್ದು ಮಾರಾಯ್ರೆ ಆ ಹೊಸ ದನಿ? ಗುರ್ತೇ ಸಿಗ್ಲಿಲ್ಲ."

ಅಷ್ಟು ನೋವಿನಲ್ಲೂ ಅತ್ತೆ ನನ್ನ ಕೈ ಬಿಟ್ಟಿರಲಿಲ್ಲ. "ಹೊಸದೆಂತದು? ನಮ್ಮನೇದೇ," ಎಂದರು.