ಮೂರು ತುಂಡು, ಆರು ಮಗ್ಗುಲು

ಬೆಳಗಿನ ಐದೂವರೆ. ಗಣಿಯ ಬಾಯಿಂದ ಮೇಲೇಳುವ ಗಾಳಿ ಈ ಹೊತ್ತಿನಲ್ಲಿ ತಣ್ಣಗೆ, ತೇವವಾಗಿ ಇರುತ್ತದೆ. ಅಂಗಳ ದಾಟಿ, ತಗಡಿನ ಗೋಡೆಯ ಸಂದಿಯಲ್ಲಿ ನುಸುಳಿ, ಒಲೆಯ ಉರಿಯನ್ನು ಒಂದೇ ಕಡೆಗೆ ಬಾಗಿಸುತ್ತದೆ. ಮೊಣಕೈ ಆಡಿಸುವಷ್ಟೇ ಜಾಗವಿರುವ ಆ ಗೂಡಿನಲ್ಲಿ ನಿಂತ ಹೆಂಗಸು ತಲೆ ಎತ್ತುವುದಿಲ್ಲ. ಕಾವಲಿಯ ಮೇಲೆ ಎರಡು ತುಂಡು ಬ್ರೆಡ್ಡು, ಪಕ್ಕದ ತಟ್ಟೆಯಲ್ಲಿ ಮೂರನೆಯದು. ತುಟಿ ಸಣ್ಣಗೆ ಅಲುಗುತ್ತಿದೆ. ಅರವತ್ತರವರೆಗೆ ಎಣಿಸುತ್ತಿದ್ದಾರೆ.

ಗಣಿಯವರಿಗೆ ಅವರು ಕಾವಲಿಯಕ್ಕ. ಆಳು ಇಳಿಸುವ ಕೇಜು ಕಬ್ಬಿಣದ ಸರಳಿನ ಪಂಜರ. ಮೂವರು ನಿಂತರೆ ಭರ್ತಿ. ಕೆಳಗಿಳಿದು ಖಾಲಿಯಾಗಿ ಮೇಲೆ ಬರಲು ಅದಕ್ಕೆ ಮೂರು ನಿಮಿಷ ಬೇಕು. ಅದರೊಳಗೆ ಕಾಲಿಡುವ ಮುನ್ನ ಪ್ರತಿಯೊಬ್ಬನಿಗೂ ಎರಡೂ ಮಗ್ಗುಲು ಬೆಂದ ಬಿಸಿ ಬ್ರೆಡ್ಡು ಒಂದು ತುಂಡು ಸಿಗುತ್ತದೆ. ಕೆಳಗೆ ಬೆಂಕಿ ಹಚ್ಚುವಂತಿಲ್ಲ. ಮಧ್ಯಾಹ್ನ ಎರಡಕ್ಕೆ ಮೇಲೆ ಬರುವ ತನಕ ಹೊಟ್ಟೆಗೆ ಬೀಳುವ ಬಿಸಿ ಅದೊಂದೇ.

ಇಪ್ಪತ್ತು ಸಲ ಕೇಜು ಇಳಿದರೆ ಅರವತ್ತು ಜನ, ಅರವತ್ತು ತುಂಡು, ನೂರ ಇಪ್ಪತ್ತು ಮಗ್ಗುಲು. ಒಂದೊಂದು ಮಗ್ಗುಲಿಗೂ ಒಂದು ನಿಮಿಷ. ಕಾವಲಿ ಹಿಡಿಸುವುದು ಎರಡೇ ತುಂಡು. ಹದಿನಾರು ವರ್ಷದ ಹಿಂದೆ ಕೆಲಸಕ್ಕೆ ಸೇರಿದ ಮೊದಲ ವಾರ ಅವರು ಎಲ್ಲರೂ ಮಾಡುವಂತೆಯೇ ಮಾಡಿದರು: ಎರಡನ್ನು ಪೂರ್ತಿ ಬೇಯಿಸಿ, ಆಮೇಲೆ ಮೂರನೆಯದನ್ನು ಹಾಕಿದರು. ಅದಕ್ಕೆ ನಾಲ್ಕು ನಿಮಿಷ ಹಿಡಿಯುತ್ತಿತ್ತು. ಮೂರನೆಯ ನಿಮಿಷಕ್ಕೆ ಕೇಜಿನ ಗಂಟೆ ಹೊಡೆಯುತ್ತಿತ್ತು, ಮೂರನೆಯವನು ಬರಿಗೈಯಲ್ಲಿ ಇಳಿಯುತ್ತಿದ್ದ.

"ಒಬ್ಬ ತಿರುಗಿ ನನ್ನ ಮುಖ ನೋಡ್ಕೊಂಡೇ ಇಳಿದ. ಕತ್ತಲು ಅವನ ಮುಖ ಮುಚ್ಚೋವರೆಗೂ ನೋಡ್ತಾನೇ ಇದ್ದ. ಅವತ್ತು ನಂಗೆ ಊಟ ಸೇರಲಿಲ್ಲ" ಎನ್ನುತ್ತಾರೆ.

ಮನೆಗೆ ಹೋಗಿ ಚಾಪೆಯ ಮೇಲೆ ಮೂರು ಡಬ್ಬಿ ಮುಚ್ಚಳ ಇಟ್ಟುಕೊಂಡು ಕೂತರು. ಮಗುಚುವುದು, ತೆಗೆಯುವುದು, ಮತ್ತೆ ಇಡುವುದು. ಬಾಗಿಲಲ್ಲಿ ನಿಂತು ನೋಡಿದ ಅತ್ತೆ ಮಗನನ್ನು ಎಬ್ಬಿಸಿ, "ಏಳೋ, ನಿನ್ನ ಹೆಂಡತಿಗೆ ಏನೋ ಮೆಟ್ಕೊಂಡಿದೆ, ಮುಚ್ಚಳದ ಜೊತೆ ಮಾತಾಡ್ತಾಳೆ" ಅಂದರಂತೆ. ಮೂರನೆಯ ದಿನ ಲೆಕ್ಕ ಬಗೆಹರಿಯಿತು. ಮೊದಲ ನಿಮಿಷಕ್ಕೆ ಒಂದನೆಯದು, ಎರಡನೆಯದು. ಎರಡನೆಯ ನಿಮಿಷಕ್ಕೆ ಒಂದನೆಯದನ್ನು ಮಗುಚಿ, ಎರಡನೆಯದನ್ನು ಅರ್ಧಕ್ಕೇ ತೆಗೆದು ತಟ್ಟೆಗಿಟ್ಟು, ಆ ಜಾಗಕ್ಕೆ ಮೂರನೆಯದು. ಕೊನೆಯ ನಿಮಿಷಕ್ಕೆ ಒಂದನೆಯದು ಇಳಿಯುತ್ತದೆ, ಎರಡನೆಯದರ ಹಸಿ ಮಗ್ಗುಲು ಮತ್ತೆ ಕಾವಲಿಗೆ, ಮೂರನೆಯದು ಮಗುಚಿಕೊಳ್ಳುತ್ತದೆ. ಆರು ಮಗ್ಗುಲು, ಮೂರೇ ನಿಮಿಷ. ಕಾವಲಿ ಒಂದು ಗಳಿಗೆಯೂ ಖಾಲಿ ಇರುವುದಿಲ್ಲ.

ಈ ಲೆಕ್ಕದಲ್ಲಿ ತಪ್ಪು ನುಸುಳಲು ಒಂದೇ ಜಾಗ ಇದೆ: ತಟ್ಟೆಯಲ್ಲಿ ಕಾಯುವ ಆ ಎರಡನೆಯ ತುಂಡು. ಹಬೆ ಮತ್ತು ಮಂದ ದೀಪದ ನಡುವೆ ಅದರ ಬೆಂದ ಮಗ್ಗುಲು ಯಾವುದು, ಹಸಿ ಯಾವುದು ಎಂದು ಕಣ್ಣಿಗೆ ತಿಳಿಯುವುದಿಲ್ಲ. ಬೆಂದದ್ದನ್ನೇ ಮತ್ತೆ ಬೇಯಿಸಿದರೆ ಒಂದು ಕಡೆ ಸೀಯುತ್ತದೆ, ಇನ್ನೊಂದು ಕಡೆ ಬೆಳ್ಳಗೇ ಉಳಿಯುತ್ತದೆ.

ಹನ್ನೊಂದು ವರ್ಷದ ಹಿಂದೆ ಒಂದು ಬೆಳಿಗ್ಗೆ ಹಾಗೇ ಆಯಿತು. ಹಸಿ ತುಂಡು ಸಿಕ್ಕ ಆಳು ಬೈದುಕೊಂಡು, ಬದಲಾಯಿಸಿಕೊಳ್ಳಲು ಗೂಡಿಗೆ ವಾಪಸು ಬಂದ. ಕೇಜು ಅವನಿಗೆ ಕಾಯಲಿಲ್ಲ. ಇಬ್ಬರನ್ನು ಹೊತ್ತು ಇಳಿದ ಅದು ಅರ್ಧ ದಾರಿಯಲ್ಲಿ ಹಗ್ಗ ಹರಿದುಕೊಂಡು ಬಿತ್ತು. ಸದ್ದು ಮೇಲೆ ತಲುಪುವಷ್ಟರಲ್ಲಿ ಅವನ ಕೈಯಲ್ಲಿ ಹೊಸ ತುಂಡು ಇತ್ತು.

ಅವನೇ ಈಗ ಕೇಜಿನ ಬಳಿ ಗಂಟೆ ಹೊಡೆಯುವ ಮೇಸ್ತ್ರಿ. ಬ್ರೆಡ್ಡು ಮುಟ್ಟುವುದಿಲ್ಲ. ಕೇಳಿದರೆ, "ಅದೆಲ್ಲ ಸುಮ್ನೆ ಮಾತು ಕಣ್ರೀ. ಹಗ್ಗ ಹಳೇದಾಗಿತ್ತು, ಹರೀತು" ಎಂದು ಬೇರೆ ಕಡೆ ನೋಡುತ್ತಾರೆ.

ಆಳುಗಳು ಹಾಗೆಂದುಕೊಂಡಿಲ್ಲ. ಅಂದಿನಿಂದ ಸುತ್ತಿಕೊಟ್ಟ ಕಾಗದ ಬಿಚ್ಚಿ, ತುಂಡನ್ನು ತಿರುಗಿಸಿ ನೋಡದೆ ಯಾರೂ ಕೇಜಿಗೆ ಕಾಲಿಡುವುದಿಲ್ಲ. ಹಸಿ ಮಗ್ಗುಲು ಸಿಕ್ಕವನು ಆ ದಿನ ಇಳಿಯುವುದಿಲ್ಲ. ಆದರೆ ಕಾವಲಿಯಕ್ಕ ಬೇಕೆಂದು ಹಸಿ ಬಿಟ್ಟರೆ ಅದು ಲೆಕ್ಕಕ್ಕಿಲ್ಲ. ಕೈ ತಾನಾಗಿ ತಪ್ಪಿರಬೇಕು. ಈ ಕಟ್ಟಳೆಯನ್ನು ಮಾಡಿದವರು ಯಾರೆಂದು ಯಾರಿಗೂ ಗೊತ್ತಿಲ್ಲ.

ಕಾವಲಿಯಕ್ಕನೇನೋ ಕೈ ತಪ್ಪದಂತೆ ಒಂದು ಉಪಾಯ ಕಂಡುಕೊಂಡರು. ತುಂಡನ್ನು ಅರ್ಧಕ್ಕೆ ತೆಗೆದಾಗ ಬೆಂದ ಮಗ್ಗುಲಿನ ಮೂಲೆಯಲ್ಲಿ ಹೆಬ್ಬೆರಳು ಒತ್ತಿ ಗುಳಿ ಮಾಡುತ್ತಾರೆ. ವಾಪಸು ಇಡುವಾಗ ಗುಳಿ ಮೇಲಿರಬೇಕು, ಅಷ್ಟೇ. ನೋಡುವುದೇ ಬೇಡ, ತಡವಿದರೆ ಸಾಕು. ಹನ್ನೊಂದು ವರ್ಷದಲ್ಲಿ ಒಂದು ತುಂಡೂ ತಪ್ಪಿಲ್ಲ. ಆದರೂ ಆಳುಗಳ ಮನೆಯ ಹೆಂಗಸರು ಬೇಡಿಕೊಳ್ಳಲು ಬರುತ್ತಾರೆ. ನಲ್ಲಿಯ ಹತ್ತಿರ, ಅಂಗಡಿಯ ಮೆಟ್ಟಿಲ ಮೇಲೆ ಹಿಡಿದು ನಿಲ್ಲಿಸುತ್ತಾರೆ. ನಿನ್ನೆ ಸಂಜೆ ಬಂದವಳು ಹೊರಗಿನವಳಲ್ಲ, ಸ್ವಂತ ಓರಗಿತ್ತಿ. ಏಳು ತಿಂಗಳ ಬಸುರಿ.

"ಅಕ್ಕಾ, ಒಂದೇ ಒಂದು ದಿನ ಅವರಿಗೆ ಹಸಿ ಬರ್ಲಿ."

"ಯಾಕೇ, ಏನಾಯ್ತು?"

"ಏನೂ ಆಗಿಲ್ಲ. ರಾತ್ರಿಯೆಲ್ಲ ಕಿವೀಲಿ ಹಗ್ಗದ ಸದ್ದು ಕೇಳ್ತಾ ಇರುತ್ತೆ, ಅಷ್ಟೇ."

"ನಾನು ಬೇಕಂತ ಮಾಡಿದ್ರೆ ಅದಕ್ಕೆ ಬೆಲೆ ಇಲ್ಲ ಕಣೇ. ಹೋಗು, ನೀರು ತುಂಬಿ ಚೆಲ್ತಾ ಇದೆ ನೋಡು."

ಓರಗಿತ್ತಿಯ ಗಂಡ, ಆ ಮೈದುನನನ್ನು ಅವರು ಮಗನಂತೆ ಬೆಳೆಸಿದ್ದಾರೆ. ಗಂಡ ದೂಳು ಕುಡಿದ ಎದೆ ಹಿಡಿದು ಮನೆಯಲ್ಲಿ ಕೂತು ಹದಿನೇಳು ವರ್ಷವಾಯಿತು. ಮನೆಯಿಂದ ಈಗ ಕೆಳಗಿಳಿಯುವವನು ಇವನೊಬ್ಬನೇ, ಹದಿನಾಲ್ಕನೆಯ ಕೇಜಿನಲ್ಲಿ.

ಇಂದು ಬೆಳಿಗ್ಗೆ ಮೇಸ್ತ್ರಿ ಬಂದವರೇ ಗೂಡಿನ ಕಿಂಡಿಗೆ ತಲೆ ಹಾಕಿದ್ದಾರೆ. "ನೋಡಕ್ಕಾ, ಮೇಲಿನವರು ಹೇಳಿ ಕಳಿಸಿದ್ದಾರೆ. ಬ್ರೆಡ್ಡಿನ ನೆಪ ಹೇಳಿ ಒಬ್ಬನೇ ಒಬ್ಬ ಮೇಲೆ ಉಳಿದ್ರೂ ಈ ಒಲೆ ಆರಿಸ್ತಾರಂತೆ. ಆಮೇಲೆ ನನ್ನ ಅನ್ಬೇಡಿ."

"ನನ್ನ ಕೈಲಿ ತಪ್ಪಿ ಎಷ್ಟು ವರ್ಷ ಆಯ್ತು, ನಿಮಗೆ ಗೊತ್ತಿಲ್ವಾ?"

ಮೇಸ್ತ್ರಿ ಗಂಟೆಯ ಕಂಬದ ಕಡೆಗೆ ಹೋಗುತ್ತಾರೆ.

ಹದಿಮೂರು ಕೇಜು ಇಳಿಯುತ್ತವೆ. ತುಂಡು ಕೈಗೆ ಬಂದ ಮೇಲೆ ಆಳುಗಳು ಮಾತು ನಿಲ್ಲಿಸುತ್ತಾರೆ. ಕಾಗದದ ಸರಸರ, ಬೂಟಿನ ಸದ್ದು, ಮೂರು ಬಾರಿ ಗಂಟೆ, ಹಗ್ಗದ ಗುಂಯ್‌ಗುಟ್ಟುವಿಕೆ. ಹದಿನಾಲ್ಕನೆಯದರ ಸರದಿಯಲ್ಲಿ ಕಾವಲಿಯಿಂದ ಸಣ್ಣಗೆ ಸೀದ ವಾಸನೆ ಬರುತ್ತದೆ. ಅಷ್ಟರಲ್ಲಿ ಮೂರು ಕೈಗಳು ಕಿಂಡಿಯೊಳಗೆ ಬಂದಿರುತ್ತವೆ. ಅಕ್ಕ ಮೂರನ್ನೂ ಕಾಗದದಲ್ಲಿಟ್ಟು ಕೊಡುತ್ತಾರೆ. ನಡುವಿನ ಕೈ ಮೈದುನನದು.

ಅವನು ತಿರುಗಿಸಿ ನೋಡುತ್ತಾನೆ. ಒಂದು ಮಗ್ಗುಲು ಕಪ್ಪಗಾಗಿದೆ. ಇನ್ನೊಂದು ಬೆಂಕಿಯನ್ನೇ ಕಂಡಿಲ್ಲ. ಆ ಬೆಳ್ಳಗಿನ ಮಗ್ಗುಲಿನ ಮೂಲೆಯಲ್ಲಿ, ಆಳವಾಗಿ, ಹೆಬ್ಬೆರಳಿನ ಗುಳಿ.

ಜೊತೆಯ ಇಬ್ಬರು ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಮೈದುನ ನಗುತ್ತಾ ಕಿಂಡಿಗೆ ಬರುತ್ತಾನೆ, ಆದರೆ ನಗು ಅರ್ಧಕ್ಕೇ ನಿಂತಿದೆ.

"ಅತ್ತಿಗೆ, ಅವಳು ಹೇಳಿಕೊಟ್ಟಳಾ? ಬೇಕಂತ ಮಾಡಿದ್ರಾ?"

ಅಕ್ಕ ತುಂಡನ್ನು ಕೈಗೆ ತೆಗೆದುಕೊಳ್ಳುತ್ತಾರೆ. ಹೌದು ಎಂದುಬಿಟ್ಟರೆ ಎಲ್ಲರೂ ನಗುತ್ತಾರೆ, ಇವನು ಇಳಿಯುತ್ತಾನೆ, ಒಲೆ ಉಳಿಯುತ್ತದೆ. ಅವರು ನೆನಪು ಮಾಡಿಕೊಳ್ಳಲು ನೋಡುತ್ತಾರೆ. ತುಂಡು ತೆಗೆದದ್ದು ನೆನಪಿದೆ. ಒತ್ತಿದ್ದೂ ನೆನಪಿದೆ, ಬೆರಳಿಗೆ ಬಿಸಿ ತಾಗಿದ್ದೂ ನೆನಪಿದೆ. ಬೆಂದ ಮಗ್ಗುಲಿನಲ್ಲಿ ಒತ್ತಿದ ಗುಳಿ ಎಲ್ಲೂ ಇಲ್ಲ. ಹೆಬ್ಬೆರಳನ್ನು ಬಿಳಿಯ ಗುಳಿಯಲ್ಲಿ ಇಟ್ಟು ನೋಡುತ್ತಾರೆ. ಎಳ್ಳಷ್ಟೂ ಸಂದು ಬಿಡದೆ ಕೂರುತ್ತದೆ.

ಕಂಬದ ಬಳಿ ಗಂಟೆಯ ಹಗ್ಗ ಹಿಡಿದ ಮೇಸ್ತ್ರಿ ಎಳೆಯುವುದನ್ನು ಮರೆತು ನಿಂತಿದ್ದಾರೆ.

"ಬೇಕಂತ ಮಾಡಿಲ್ಲ," ಎನ್ನುತ್ತಾರೆ ಅಕ್ಕ. "ಬೆರಳು ನಂದೇ. ಹಸಿ ಮಗ್ಗುಲಿಗೆ ಒತ್ತಿದ್ದು ಮಾತ್ರ ನಂಗೆ ಗೊತ್ತಿಲ್ಲ."

ಮೈದುನ ತಲೆಯ ಮೇಲಿನ ಟೋಪಿ ತೆಗೆಯುತ್ತಾನೆ. ಕೇಜು ಇಬ್ಬರನ್ನೇ ಹೊತ್ತು ಇಳಿಯುತ್ತದೆ. ಇನ್ನೂ ಆರು ಸಲದ ಕೆಲಸ ಬಾಕಿ ಇದೆ. ಅಕ್ಕ ಎಣಿಸುತ್ತಾರೆ, ಮಗುಚುತ್ತಾರೆ, ಒತ್ತುತ್ತಾರೆ. ಈಗ ಒತ್ತುವಾಗ ಪ್ರತಿ ಸಲವೂ ತಮ್ಮ ಬೆರಳನ್ನೇ ನೋಡುತ್ತಾರೆ, ಬೇರೆಯವರ ಕೈಯಲ್ಲಿರುವ ಚಾಕುವನ್ನು ನೋಡುವಂತೆ.

ಒಲೆ ಆರುವುದು ಆರೂವರೆಗೆ. ಉಳಿದ ದಿನವಾದರೆ ಏಳಕ್ಕೆ ಅವರು ಮನೆಯಲ್ಲಿರುತ್ತಾರೆ. ಇಂದು ಗೂಡಿನ ಮುಂದಿನ ಕಲ್ಲಿನ ಮೇಲೆ ಕೂತೇ ಇದ್ದಾರೆ. ಪಕ್ಕದಲ್ಲಿ ಮೈದುನ, ಕೆಲಸವಿಲ್ಲದ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ. ಬಿಸಿಲು ಏರುತ್ತದೆ. ಗಣಿಯ ಬಾಯಿಂದ ಬರುವ ಗಾಳಿ ಮಾತ್ರ ಬಿಸಿಯಾಗುವುದಿಲ್ಲ.

ಎರಡಕ್ಕೆ ಆಳುಗಳು ಮೇಲೆ ಬರತೊಡಗುತ್ತಾರೆ. ಹದಿಮೂರು ಕೇಜು, ಎಲ್ಲದರಲ್ಲೂ ಮೂರು ಮೂರು ಮುಖ. ಹದಿನಾಲ್ಕನೆಯದು ಬಂದು ನಿಂತಾಗ ಇಬ್ಬರೂ ಎಡಕ್ಕೂ ಬಲಕ್ಕೂ ಸರಳಿಗೆ ಒತ್ತಿಕೊಂಡು ನಿಂತಿದ್ದಾರೆ. ನಡುವೆ ಒಬ್ಬನಷ್ಟು ಜಾಗ ಖಾಲಿ.

"ಏನಪ್ಪಾ ರಾಯರೇ, ನೆರಳಲ್ಲಿ ಕೂತು ಕಾಲ ಕಳೆದ್ರಾ?" ಒಬ್ಬ ಮೈದುನನನ್ನು ಅಣಕಿಸುತ್ತಾನೆ. "ನಿನ್ನ ಪಾಲಿನ ಗುದ್ದಲಿನೂ ನಾವೇ ಹಾಕಿದ್ವಿ ಕಣೋ."

"ಅಷ್ಟು ಜಾಗ ಇದ್ರೂ ಯಾಕ್ರೋ ಹಾಗೆ ಅಂಟ್ಕೊಂಡು ನಿಂತಿದ್ರಿ?" ಮೈದುನ ಕೇಳುತ್ತಾನೆ.

ಅಣಕಿಸಿದವನ ನಗು ಹೋಗುತ್ತದೆ. ಇನ್ನೊಬ್ಬ ಮೆಲ್ಲಗೆ, "ಇಳಿಯುವಾಗ್ಲೂ ಹಂಗೇ ನಿಂತಿದ್ವಿ. ಯಾಕೋ ಆ ಜಾಗಕ್ಕೆ ಹೋಗ್ಬೇಕು ಅನ್ನಿಸ್ಲಿಲ್ಲ" ಎಂದು ಕೈ ತೊಳೆಯಲು ಹೋಗುತ್ತಾನೆ.

ಉಳಿದ ಆರೂ ಮೇಲೆ ಬರುತ್ತವೆ. ಐವತ್ತೊಂಬತ್ತು ಜನ, ಯಾರಿಗೂ ಗೀರೂ ಇಲ್ಲ. ಮೇಸ್ತ್ರಿ ಹಾಜರಿ ಪುಸ್ತಕ ತೆರೆದು ಮೈದುನನ ಹೆಸರಿನ ಮುಂದೆ ಬರೆಯುತ್ತಾರೆ: ಹೊಟ್ಟೆನೋವು. ಬ್ರೆಡ್ಡಿನ ಮಾತೇ ಇಲ್ಲ. ಶಾಯಿ ಆರಲಿ ಎಂದು ಊದಿ, ಯಾರ ಮುಖವನ್ನೂ ನೋಡದೆ ಪುಸ್ತಕ ಮುಚ್ಚುತ್ತಾರೆ.

ಮನೆಯ ದಾರಿಯಲ್ಲಿ ಮೈದುನನಿಗೆ ಸಿಟ್ಟು ಬರುತ್ತದೆ. "ಏನೂ ಆಗ್ಲಿಲ್ಲ ನೋಡಿ ಅತ್ತಿಗೆ. ಹೌದು ಅಂದಿದ್ರೆ ನನ್ನ ಒಂದು ದಿನದ ಕೂಲಿ ಉಳೀತಿತ್ತು. ಒಂದು ಸುಳ್ಳು ಹೇಳೋಕೆ ನಿಮಗೇನು ಕಷ್ಟ?"

ಅಕ್ಕ ನಡೆಯುತ್ತಲೇ ಇದ್ದಾರೆ. ಬಲಗೈಯ ಹೆಬ್ಬೆರಳು ಸೆರಗಿನೊಳಗೆ ಬಿಗಿಯಾಗಿ ಮುಚ್ಚಿಕೊಂಡಿದೆ.

"ಹೇಳಬಹುದಿತ್ತು," ಎನ್ನುತ್ತಾರೆ. "ಆದ್ರೆ ಇವಳು ಬೇಕಂತಾನೂ ಹಸಿ ಬಿಡ್ತಾಳೆ ಅಂತ, ನಾಳೆಯಿಂದ ನಾನು ಕೊಟ್ಟಿದ್ದನ್ನ ಯಾರೂ ತಿರುಗಿಸಿ ನೋಡ್ತಿರಲಿಲ್ಲ."