ಸೀಟು ಹಿಡಿಯಲು ಹೋದ ಚೀಲ

ಬಸ್ಸು ಕಂಡರೆ ಸೀಟಿನ ಮೇಲೆ ಏನಾದರೂ ಎಸೆಯದೆ ನನ್ನ ಕೈ ಸುಮ್ಮನಿರುವುದಿಲ್ಲ. ನಮ್ಮ ಕೆ.ಆರ್.ಪೇಟೆ ಬಸ್‌ಸ್ಟಾಂಡಿನಲ್ಲಿ ಕಲಿತದ್ದು. ಹೆಂಗಸರಿಗೆ ಟಿಕೆಟ್ ಇಲ್ಲ ಅಂತಾದ ಮೇಲಂತೂ ಬಾಗಿಲಿಂದ ಹತ್ತಿ ಸೀಟು ಕಂಡವರು ಕಡಿಮೆ. ಕಿಟಕಿಯೇ ಗತಿ. ಕರ್ಚೀಫು ಹಾಕಿದರೆ ಅದರಲ್ಲೇ ಸೀಟು ಒರೆಸಿಕೊಂಡು ಕೂರುತ್ತಾರೆ. ಟವಲ್ಲು ಹಾಕಿದರೆ ಜಗಳಕ್ಕೊಂದು ಆಧಾರ ಸಿಗುತ್ತದೆ. ಚೀಲ ಇಟ್ಟರೆ ಮಾತ್ರ ಜನ ಎತ್ತಲು ಸ್ವಲ್ಪ ಹಿಂದೆಮುಂದೆ ನೋಡುತ್ತಾರೆ. ಈ ವಿದ್ಯೆಯನ್ನು ನಾನು ಪೋರ್ಚುಗಲ್ ತನಕ ಹೊತ್ತುಕೊಂಡು ಹೋದೆ.

ಹೋದದ್ದು ಊರು ನೋಡುವ ಆಸೆಯಿಂದಲ್ಲ. ನನ್ನ ತಮ್ಮನ ಮಗಳು ಜಯಂತಿ ನಾಗಮಂಗಲದಲ್ಲಿ ಟೀಚರು. ಕಾಸು ಕೂಡಿಟ್ಟು ಹೊರಟಳು. ಒಬ್ಬಳೇ ಹೋಗಬೇಡ ಅಂತ ತಮ್ಮ ಹಟ ಹಿಡಿದ, ಕಾವಲಿಗೆ ನನ್ನನ್ನು ಹಾಕಿದರು. ಒಬ್ಬಳ ದುಡ್ಡಲ್ಲಿ ಇಬ್ಬರು ಸುತ್ತಬೇಕಾಯಿತು. ಗುರುತಿಲ್ಲದ ಹುಡುಗಿಯರ ಜೊತೆ ಒಂದೇ ಕೋಣೆ, ಮೇಲೊಂದು ಕೆಳಗೊಂದು ಮಂಚ. ಹೋಟೆಲ್ ಊಟ ಇಲ್ಲ. ತಂಗಿದವರಿಗೆಲ್ಲ ಸೇರಿ ಒಂದು ಅಡುಗೆಮನೆ, ಅಲ್ಲಿ ನಾನು ಊರಿಂದ ಒಯ್ದ ಹಿಟ್ಟಿನಲ್ಲಿ ಮುದ್ದೆ ತೊಳಸುತ್ತಿದ್ದೆ. ಒಬ್ಬ ಹುಡುಗಿ ಬಂದು ಮೂಸಿ ನೋಡಿದಳು. ತುತ್ತು ಕೊಟ್ಟೆ. ಅಗಿದಳು, ಅಗಿದಳು, ಅಗಿಯುತ್ತಲೇ ಹೊರಗೆ ಹೋದಳು. ಮುದ್ದೆ ನುಂಗಬೇಕು ಅನ್ನಲು ನನಗೆ ಅವಳ ಭಾಷೆ ಬರಲಿಲ್ಲ.

ಜಯಂತಿಗೆ ಮರೆವು ಜಾಸ್ತಿ. ಅದಕ್ಕೇ ಇಬ್ಬರ ಪಾಸ್‌ಪೋರ್ಟೂ ನನ್ನ ಚೀಲದಲ್ಲಿ. ಕಾವಲು ಅಂದರೆ ಕಾವಲು.

ಊರಿಗೆ ವಾಪಸಾಗಲು ಮರುದಿನ ವಿಮಾನ. ಅಗ್ಗದ ಟಿಕೆಟ್ಟು, ತಪ್ಪಿದರೆ ಹೋಯಿತು. ಕೊನೆಯದಾಗಿ ಬೆಟ್ಟದ ಮೇಲಿನ ಕೋಟೆ ನೋಡೋಣ ಅಂತ ಬಸ್‌ಸ್ಟಾಪಿಗೆ ಬಂದೆವು. ಜಯಂತಿ ಬ್ರೆಡ್ಡು ತರಲು ಎದುರಂಗಡಿಗೆ ಹೋದಳು. ಬಸ್ಸು ಬಂತು. ಕಿಟಕಿ ತೆರೆಯುವುದೇ ಇಲ್ಲ. ಡ್ರೈವರು ಇಳಿದು ಸಿಗರೇಟು ಸೇದುತ್ತಿದ್ದ. ನಾನು ಬಾಗಿಲಿಂದ ಹತ್ತಿ, ಒಳ್ಳೆ ಸೀಟು ನೋಡಿ ಚೀಲ ಇಟ್ಟು, ಜಯಂತಿಯನ್ನು ಕರೆಯಲು ಇಳಿದೆ.

ನಮ್ಮೂರ ಡ್ರೈವರು ಬೀಡಿ ಎಸೆದ ಮೇಲೆ ಟೀ ಕುಡಿಯುತ್ತಾನೆ. ಆಮೇಲೆ ಹಾರನ್ನು, ಆಮೇಲೆ ಕಂಡಕ್ಟರು ಕೂಗುತ್ತಾನೆ, ಬಸ್ಸು ಒಂದು ಮಾರು ಮುಂದೆ ಹೋಗಿ ಮತ್ತೆ ನಿಲ್ಲುತ್ತದೆ. ಇವನು ಸಿಗರೇಟು ಹೊಸಕಿದ, ವಾಚು ನೋಡಿದ, ಹೋಗಿಯೇಬಿಟ್ಟ. ತಿರುವಿನಲ್ಲಿ ನಿಲ್ಲಿಸುತ್ತಾನೆ ಅಂತ ನಾನು ನಂಬಿಕೊಂಡೇ ನಿಂತಿದ್ದೆ.

ಜಯಂತಿ ಬಂದಳು. "ಅತ್ತೆ, ಚೀಲ ಎಲ್ಲಿ?"

"ಸೀಟ್ ಹಿಡ್ಕೊಂಡದೆ."

"ಸೀಟೆಲ್ಲಿ?"

"ಬಸ್ಸಲ್ಲಿ."

ಬಸ್ಸೆಲ್ಲಿ ಅಂತ ಅವಳು ಕೇಳಲಿಲ್ಲ. ಖಾಲಿ ರಸ್ತೆ ನೋಡಿದಳು, ಬಿಳಿಚಿಕೊಂಡಳು. ಪಕ್ಕದ ಬೆಂಚಿನಲ್ಲಿ ನನ್ನಷ್ಟೇ ವಯಸ್ಸಿನ ಕರಿ ಬಟ್ಟೆಯ ಮುದುಕಿ ಕೂತಿದ್ದಳು. ಅವಳು ಬೆರಳಲ್ಲಿ ಗಾಳಿಯಲ್ಲಿ ದೊಡ್ಡದೊಂದು ಸುತ್ತು ಬರೆದು, ಕೊನೆಗೆ ನಮ್ಮ ಕಾಲಬುಡಕ್ಕೆ ತಂದು ನಿಲ್ಲಿಸಿದಳು. ಬೆಟ್ಟ ಸುತ್ತಿ ಇಲ್ಲಿಗೇ ಬರುತ್ತದೆ ಅಂತ. ಬಸ್ಸು ಬರುತ್ತದೆ ಸರಿ, ಚೀಲ ಬರಬೇಕಲ್ಲ? ಜಯಂತಿ ಬೈಯಲಿಲ್ಲ. ಬ್ರೆಡ್ಡು ಮುರಿದು ಅರ್ಧ ನನಗೆ ಕೊಟ್ಟಳು. ಬೈದಿದ್ದರೆ ವಾಸಿಯಿತ್ತು.

ಬಸ್ಸು ಬಂತು. ಹತ್ತಿ ನೋಡಿದರೆ, ಜನ ನಿಂತಿದ್ದಾರೆ, ಸೀಟಿನಲ್ಲಿ ನನ್ನ ಚೀಲ ಕೂತಿದೆ. ತಿರುವಿನಲ್ಲಿ ಬೀಳದಿರಲಿ ಅಂತ ಯಾರೋ ಅದಕ್ಕೆ ಸೀಟಿನ ಬೆಲ್ಟು ಬೇರೆ ಕಟ್ಟಿದ್ದಾರೆ. ಪಾಸ್‌ಪೋರ್ಟು ಎರಡೂ ಇದ್ದವು, ಒಂದು ಹಿಡಿ ಹಿಟ್ಟೂ ಇತ್ತು. ಡ್ರೈವರು ಅವನ ಭಾಷೆಯಲ್ಲಿ ನನಗೆ ಚೆನ್ನಾಗಿ ಬೈದ. ಬೈಸಿಕೊಂಡು ಅಷ್ಟು ಹಾಯಾಗಿದ್ದು ಜನ್ಮದಲ್ಲಿ ಅದೇ ಮೊದಲು.

ಜಯಂತಿ ಸೀಟಿಗೆ ಒರಗಿ ನಗಲು ಶುರುಮಾಡಿದಳು. "ಇಷ್ಟು ದಿನದಲ್ಲಿ ಕಾಸು ಕೊಡದೆ ಸುತ್ತಿದ್ದು ನಿನ್ ಚೀಲ ಒಂದೇ ಕಣತ್ತೆ."

ಊರಿಗೆ ಬಂದ ದಿನ, ಕೆ.ಆರ್.ಪೇಟೆಯಲ್ಲಿ ನಮ್ಮೂರು ಸಿಂಧಘಟ್ಟದ ಬಸ್ಸು ಬಂದದ್ದೇ ಕಿಟಕಿಯಿಂದ ಟವಲ್ಲು ಎಸೆದೆ. ಹತ್ತಿ ನೋಡಿದರೆ ಒಬ್ಬಳು ದಪ್ಪ ಹೆಂಗಸು ಅಲ್ಲಿ ಕೂತಿದ್ದಾಳೆ.

"ಏನವ್ವ, ಟವಲ್ ಕಾಣ್ನಿಲ್ವಾ?"

"ಕಾಣ್ತು ಕಣಕ್ಕ, ಮಡಿಸಿ ಮಡಗಿವ್ನಿ. ವಸಿ ಸರೀತೀನಿ, ಕೂತ್ಕಳಿ."

ಅವಳೂ ಜಯಂತಿಯೂ ನಾನೂ ಇಬ್ಬರ ಸೀಟಿನಲ್ಲಿ ಇರುಕಿಕೊಂಡು ಬಂದೆವು. ಟವಲ್ಲು ಅವಳ ಹತ್ತಿರವೇ ಇತ್ತು. ಚೀಲ ನನ್ನ ತೊಡೆಯ ಮೇಲಿತ್ತು.