ಐಸ್ ಒಡೆದ ಫೈನಲ್

ದೋಹಾದಲ್ಲಿ ಫುಟ್‌ಬಾಲ್ ವಿಶ್ವಕಪ್ ಮುಗಿದ ಮರುವರ್ಷ ನಾನು ಅಲ್ ರಯ್ಯಾನ್‌ನ ಒಂದು ಐಸ್ ರಿಂಕ್‌ನಲ್ಲಿ ರೆಫ್ರಿಜರೇಶನ್ ಸೂಪರ್‌ವೈಸರ್ ಆಗಿದ್ದೆ. ಅದಕ್ಕೆ ಮೊದಲು ಹದಿನಾರು ವರ್ಷ ವೆಸ್ಟ್ ಬೇಯ ಎತ್ತರದ ಕಟ್ಟಡಗಳಲ್ಲಿ ಎ.ಸಿ. ಚಿಲ್ಲರ್ ನೋಡಿಕೊಂಡವನು. ಸುರತ್ಕಲ್‌ನಲ್ಲಿ ಹುಟ್ಟಿ ಬೆಳೆದ ನನಗೆ ಐಸ್ ಅಂದರೆ ಮೀನಿನ ಬುಟ್ಟಿಗೆ ಸುರಿಯುವ ವಸ್ತು. ಅದರ ಮೇಲೆ ಸ್ಕೇಟ್ ಕಟ್ಟಿಕೊಂಡು, ಕೋಲು ಹಿಡಿದು, ಪಕ್ ಎಂಬ ರಬ್ಬರ್ ಬಿಲ್ಲೆಯ ಹಿಂದೆ ಓಡುವವರಿಗೆ ಸಂಬಳವೂ ಉಂಟೆಂದು ತಿಳಿದಾಗ ನಗು ಬಂದಿತ್ತು. ಒಂದೇ ಸೀಸನ್‌ನಲ್ಲಿ ಆ ನಗು ಇಳಿಯಿತು.

ನಮ್ಮ ರಿಂಕ್‌ನಲ್ಲಿ ಆಡುತ್ತಿದ್ದ ವೃತ್ತಿಪರ ಐಸ್ ಹಾಕಿ ತಂಡದಲ್ಲಿ ಅರ್ಧ ಜನ ಕತಾರಿಗಳು, ಉಳಿದವರು ಕೆನಡಾ, ಫಿನ್ಲೆಂಡ್ ಕಡೆಯವರು. ಕ್ಯಾಪ್ಟನ್ ನಾಸರ್ ಕತಾರಿ, ಮಾತು ಕಡಿಮೆ. ಗೋಲ್‌ಕೀಪರ್ ಮಿಕ್ಕೊ ಫಿನ್ಲೆಂಡಿನವನು. ಮೂವತ್ತೊಂಬತ್ತು ವರ್ಷದ ಅವನ ಎಡ ಮೊಣಕಾಲಿಗೆ ಎರಡು ಸಲ ಆಪರೇಷನ್ ಆಗಿತ್ತು. ಮೊದಲ ನಾಲ್ಕು ಪಂದ್ಯವನ್ನೂ ಸೋತರು. ಹಗಲೆಲ್ಲ ರಿಂಕ್ ಸಾರ್ವಜನಿಕರಿಗೆ ಮತ್ತು ಬರ್ತ್‌ಡೇ ಪಾರ್ಟಿಗಳಿಗೆ ಹೋಗುತ್ತಿದ್ದುದರಿಂದ ಅಭ್ಯಾಸಕ್ಕೆ ಸಿಗುತ್ತಿದ್ದುದು ಬೆಳಿಗ್ಗೆ ಐದರಿಂದ ಏಳು. ಸೋತ ಮರುದಿನವೂ ಐದಕ್ಕೆ ಐದು ನಿಮಿಷ ಇರುವಾಗ ನಾಸರ್ ಬಾಗಿಲಲ್ಲಿರುತ್ತಿದ್ದ, ಅವನ ಹಿಂದೆ ಇಡೀ ತಂಡ. ಯಾರ ಮುಖದಲ್ಲೂ ಗೊಣಗಾಟವಿಲ್ಲ. ಐದನೇ ಪಂದ್ಯದಿಂದ ಗೆಲ್ಲತೊಡಗಿದರು. ನಾನೂ ಚಟ ಹತ್ತಿದವನಂತೆ ಡ್ಯೂಟಿ ಮುಗಿದ ಮೇಲೂ ನಿಂತು ನೋಡತೊಡಗಿದೆ. ಅವರು ಫೈನಲ್ ತಲುಪಿದ ದಿನ ಮದೀನತ್ ಖಲೀಫಾದ ನನ್ನ ಮನೆಯಲ್ಲಿ ಹೆಂಡತಿ ಪಾಯಸ ಮಾಡಿದ್ದಳು. ಆ ಆಟದ ತಲೆಬುಡ ಅವಳಿಗೆ ಇವತ್ತಿಗೂ ಗೊತ್ತಿಲ್ಲ.

ಫೈನಲ್ ನಮ್ಮ ರಿಂಕ್‌ನಲ್ಲೇ, ಮೇ ತಿಂಗಳ ಒಂದು ಶುಕ್ರವಾರ ಮಧ್ಯಾಹ್ನ ಮೂರಕ್ಕೆ. ಹೊರಗೆ ನಲವತ್ತಮೂರು ಡಿಗ್ರಿ, ಒಳಗೆ ಸೀಟೆಲ್ಲ ಭರ್ತಿ. ಇಲ್ಲಿ ನನ್ನ ಹದಿನಾರು ವರ್ಷದ ಅನುಭವ ನನಗೇ ಕೈಕೊಟ್ಟಿತು. ಹಾಲ್‌ನಲ್ಲಿ ಜನ ಹೆಚ್ಚಾದರೆ ತಂಪು ಹೆಚ್ಚಿಸು, ಎ.ಸಿ.ಯವರ ಕೈಗೆ ರೂಢಿಯಾದ ಕೆಲಸ ಅದು. ಹಾಕಿಯ ಐಸ್ ಮೈನಸ್ ಐದೂವರೆ ಡಿಗ್ರಿಯಲ್ಲಿರಬೇಕು. ನಾನು ಬೆಳಿಗ್ಗೆಯೇ ಮೈನಸ್ ಒಂಬತ್ತಕ್ಕೆ ಇಳಿಸಿ, ದೊಡ್ಡ ಬುದ್ಧಿವಂತಿಕೆ ಮಾಡಿದೆನೆಂದು ಬೀಗಿದೆ. ಆದರೆ ಅತಿಯಾಗಿ ತಣಿದ ಐಸ್ ಗಟ್ಟಿಯಾದರೂ ಪೆಡಸಾಗುತ್ತದೆ. ಹಪ್ಪಳದ ಹಾಗೆ ಒಡೆಯುತ್ತದೆ.

ಆಟಕ್ಕೆ ಇಪ್ಪತ್ತು ನಿಮಿಷದ ಮೂರು ಪೀರಿಯಡ್. ಎರಡನೆಯದು ಮುಗಿಯುತ್ತ ಬಂದಾಗ ಸ್ಕೋರ್ ಎರಡು-ಎರಡು. ಮಿಕ್ಕೊ ಪಕ್ಕಕ್ಕೆ ಜಾರಿ ಒಂದು ಹೊಡೆತ ತಡೆದ. ಅವನ ಸ್ಕೇಟ್‌ನಡಿ ಗೋಲ್ ಮುಂದೆಯೇ ಊಟದ ತಟ್ಟೆಯಷ್ಟು ಅಗಲದ ಚಕ್ಕೆ ಎದ್ದು, ಕೆಳಗಿನ ಕಾಂಕ್ರೀಟ್ ಕಂಡಿತು.

ವಿರಾಮ ಹದಿನೈದು ನಿಮಿಷ. ಐಸ್ ಪುಡಿಯನ್ನು ತಣ್ಣೀರಿನಲ್ಲಿ ಕಲಸಿ ಗುಂಡಿಗೆ ತುಂಬಿ, ಬೇಗ ಹೆಪ್ಪುಗಟ್ಟಲೆಂದು ಮೇಲಿಂದ ಬೆಂಕಿ ಆರಿಸುವ ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಬಿಟ್ಟೆ. ಐಸ್ ತಣಿಸುವ ಪ್ಲಾಂಟ್‌ನ ತಾಪಮಾನವನ್ನೂ ಮೈನಸ್ ಐದೂವರೆಗೆ ಏರಿಸಿದೆ, ಆದರೆ ಅದರ ಪರಿಣಾಮ ಕಾಣಲು ಗಂಟೆಗಳೇ ಬೇಕು. ರಿಂಕ್ ಮ್ಯಾನೇಜರ್ ಹನೀಫ್, ಉಳ್ಳಾಲದವರು, ಪಕ್ಕ ಬಂದು ಕುಕ್ಕರುಗಾಲಲ್ಲಿ ಕೂತರು.

"ಸಾಲ್ಯಾನ್ರೇ, ಇದು ನಿಲ್ತದಾ?"

"ಇಲ್ಲ. ಐದು ನಿಮಿಷ ನಿಂತ್ರೆ ಹೆಚ್ಚು."

"ಪೀರಿಯಡ್‌ಗೊಮ್ಮೆ ಸೈಡ್ ಚೇಂಜ್ ಉಂಟಲ್ಲ? ಇನ್ನು ಇಲ್ಲಿ ನಿಲ್ಲುದು ಅವರ ಗೋಲ್‌ಕೀಪರ್. ಬಿದ್ರೆ ಅವ ಬೀಳ್ತಾನೆ. ನೀವು ಬಾಯಿ ಮುಚ್ಚಿ ಕೂತ್ಕೊಳ್ಳಿ ಮಾರಾಯ್ರೆ, ಕಪ್ ನಮ್ದೇ."

ಮುಚ್ಚುಮರೆ ಯಾಕೆ, ಆ ಮಾತು ನನಗೂ ಹಿತವಾಗಿತ್ತು. ತಪ್ಪೂ ಮುಚ್ಚಿಹೋಗುತ್ತದೆ, ಕಪ್ಪೂ ಸಿಗುತ್ತದೆ. ಅಷ್ಟರಲ್ಲಿ ನಾಸರ್ ಮತ್ತು ಮಿಕ್ಕೊ ಐಸ್ ಮೇಲೆ ಬಂದರು. ನಾಸರ್ ಇಂಗ್ಲಿಷಿನಲ್ಲಿ ಅದೇ ಪ್ರಶ್ನೆ ಕೇಳಿದ: ಇದು ನಿಲ್ಲುತ್ತದೆಯೇ? ಐದು ತಿಂಗಳು ಬೆಳಗಿನ ಜಾವದಲ್ಲಿ ಕಂಡ ಆ ಮುಖಕ್ಕೆ ಸುಳ್ಳು ಹೇಳಲು ನಾಲಗೆ ಏಳಲಿಲ್ಲ.

"ನಿಲ್ಲುವುದಿಲ್ಲ ಕ್ಯಾಪ್ಟನ್. ತಪ್ಪು ನನ್ನದು. ಬೇಕಾದ್ದಕ್ಕಿಂತ ತಣ್ಣಗೆ ಮಾಡಿದೆ."

ಹನೀಫ್ ಹಣೆ ಚಚ್ಚಿಕೊಂಡರು. ನಾಸರ್ ಬಯ್ಯಲಿಲ್ಲ, ಮಿಕ್ಕೊನ ಮುಖ ನೋಡಿದ. ಮಿಕ್ಕೊ ತೇಪೆಯನ್ನು ಸ್ಕೇಟ್ ತುದಿಯಿಂದ ಒತ್ತಿ ನೋಡಿದ.

"ಐಸ್ ನಮ್ಮದು. ನಾನೇ ನಿಲ್ಲುತ್ತೇನೆ."

"ಖಲಾಸ್, ಹಾಗೇ ಆಗಲಿ," ಎಂದ ನಾಸರ್. ನೇರ ರೆಫರಿ ಹತ್ತಿರ ಹೋಗಿ, ಈ ಪೀರಿಯಡ್‌ಗೆ ತುದಿ ಬದಲಿಸುವುದು ಬೇಡ, ಹಾಳಾದ ಕಡೆಯಲ್ಲಿ ನಾವೇ ಇರುತ್ತೇವೆ ಎಂದ. ಎದುರಾಳಿ ಕ್ಯಾಪ್ಟನ್ ಎರಡು ಸಲ ಕೇಳಿ ಖಾತ್ರಿಪಡಿಸಿಕೊಂಡು ಒಪ್ಪಿದ.

ತೇಪೆ ನಾಲ್ಕೇ ನಿಮಿಷಕ್ಕೆ ಕಿತ್ತುಬಂತು. ಆಟ ನಿಂತಾಗಲೆಲ್ಲ ನಾನು ಬಕೆಟ್ ಹಿಡಿದು ಓಡುತ್ತಿದ್ದೆ, ಮತ್ತೆ ತುಂಬುತ್ತಿದ್ದೆ, ಅದು ಮತ್ತೆ ಕಿತ್ತುಹೋಗುತ್ತಿತ್ತು. ಎಡಕ್ಕೆ ಜಾರಿದರೆ ಸ್ಕೇಟ್ ಸಿಕ್ಕಿಬೀಳುವ ಜಾಗ. ಅದು ಮಿಕ್ಕೊನ ಆಪರೇಷನ್ ಆದ ಕಾಲು. ಉಳಿದ ಐವರು ಹೇಳಿಸಿಕೊಳ್ಳದೆಯೇ ಆ ಎಡಭಾಗಕ್ಕೆ ಅಡ್ಡ ನಿಂತರು. ಗಂಟೆಗೆ ನೂರು ಕಿಲೋಮೀಟರ್ ಮೀರಿ ಬರುವ ಪಕ್‌ಗೆ ಪಕ್ಕೆಲುಬು ಒಡ್ಡಿದರು. ಅಷ್ಟು ದೊಡ್ಡ ಮನಸ್ಸಿನ ಆಟವನ್ನು ನಾನು ಬೇರೆಲ್ಲೂ ಕಂಡಿಲ್ಲ. ಕೊನೆಗೆ ಎರಡು ನಿಮಿಷ ಇರುವಾಗ ನಾಸರ್ ಒಬ್ಬನೇ ಪಕ್ ಒಯ್ದು ಎದುರು ತುದಿಯಲ್ಲಿ ಗೋಲ್ ಹೊಡೆದ. ಮೂರು-ಎರಡು. ಸೈರನ್ ಆದಾಗ ನಾನು ಬಕೆಟ್ ಹಿಡಿದುಕೊಂಡೇ ಅಳುತ್ತಿದ್ದೆ.

ಮಿಕ್ಕೊನನ್ನು ಇಬ್ಬರು ಎತ್ತಿಕೊಂಡು ಹೊರಗೆ ತಂದರು. ಮೊಣಕಾಲು ಊದಿತ್ತು. ಕ್ಷಮೆ ಕೇಳಲು ಹೋದೆ. ಕಾಲಿಗೆ ನನ್ನದೇ ಐಸ್ ಕಟ್ಟಿಕೊಂಡು ಕೂತಿದ್ದ ಅವನು, "ಎಷ್ಟಕ್ಕೆ ಇಟ್ಟಿದ್ದೆ?" ಎಂದು ಕೇಳಿದ.

"ಮೈನಸ್ ಒಂಬತ್ತು."

"ನಾಳೆ ಬೆಳಿಗ್ಗೆಯೊಳಗೆ ಮೈನಸ್ ಐದೂವರೆಗೆ ತಾ. ನಾನು ಬರುತ್ತೇನೆ."

ಬರಲಿಲ್ಲ. ಆ ಮೊಣಕಾಲು ಮತ್ತೆ ಆಟಕ್ಕೆ ಬಗ್ಗಲಿಲ್ಲ, ಅದೇ ಅವನ ಕೊನೆಯ ಪಂದ್ಯವಾಯಿತು. ಅವನು ಒಮ್ಮೆಯೂ ನನ್ನನ್ನು ದೂರಲಿಲ್ಲ. ನಾನೇ ನನ್ನನ್ನು ದೂರಿಕೊಳ್ಳುವುದನ್ನು ಬಿಟ್ಟಿಲ್ಲ. ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ಮೀಟರ್ ತೋರಿಸುವ ಮೊದಲು ನಾನು ಹೇಳುವುದು ಇಷ್ಟೇ: ನಾವು ಮಾಡಿದ ತಪ್ಪಿನ ಮೇಲೆ ಇನ್ನೊಬ್ಬರು ಕಾಲಿಡುತ್ತಾರೆ, ಕಾಲಿಡುವ ಮೊದಲು ಅವರಿಗೆ ಹೇಳಿಬಿಡಿ. ನಾನು ಹೇಳಿದ್ದೆ. ಗೊತ್ತಿದ್ದೂ ಕಾಲಿಟ್ಟವನು ಅವನು.